ಕೊಟ್ಟೂರಿನ ರೈಲು ನಿಲ್ದಾಣ

ಕೊಟ್ಟೂರೆಂದೊಡನೆ ನಮ್ಮ ಸೀಮೆಯವರ ಮನಸ್ಸಿಗೆ ಹೊಳೆಯುವುದು ಶ್ರೀ ಗುರು ಕೊಟ್ಟೂರೇಶ್ವರಸ್ವಾಮಿಯ ತೇರು. ಆ ಊರಿನ ರೈಲು ನಿಲ್ದಾಣಕ್ಕೂ ಹೇಳತಕ್ಕ ಚರಿತ್ರೆಯುಂಟೆಂಬುದನ್ನು ಗಮನಿಸಿದವರು ವಿರಳ. ದೊಡ್ಡ ನಗರಗಳ ನಿಲ್ದಾಣಗಳಂತೆ ಅದು ಕಣ್ಣು ಕುಕ್ಕುವಂತಹುದಲ್ಲ. ಆದರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಗಳ ಸುಖದುಃಖಗಳು ಅದರೊಡನೆ ಬೆಸೆದುಕೊಂಡಿವೆ.

ಈ ಕಥೆಯ ಮೂಲವನ್ನು ಬರಗಾಲದಲ್ಲಿಯೇ ಹುಡುಕಬೇಕು. 1876ರಲ್ಲಿ ಮೊದಲಾದ ಧಾತು ಸಂವತ್ಸರದ ಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಹುರಿದು ಮುಕ್ಕಿತು. ಮದರಾಸಿನ ಕಡೆಯಿಂದ ಬಂದ ಹಾದಿಯು ಆಗ ಬಳ್ಳಾರಿಯವರೆಗೆ ಮಾತ್ರ ಇದ್ದಿತು. ಅಲ್ಲಿಂದ ಪಶ್ಚಿಮಕ್ಕೆ ಧಾನ್ಯವು ಎತ್ತಿನ ಬಂಡಿಗಳಲ್ಲಿಯೇ ಸಾಗಬೇಕು. ಎತ್ತುಗಳಿಗೋ ಮೇವಿಲ್ಲ, ನೀರಿಲ್ಲ. ಕಾಳಿದ್ದರೂ ಹಸಿದವನ ಮನೆಗೆ ಅದನ್ನು ಮುಟ್ಟಿಸುವ ಬಗೆ ಕಾಣದಾಯಿತು. 1880ರ ಕ್ಷಾಮ ಆಯೋಗವು ಬರಪೀಡಿತ ಪ್ರಾಂತಗಳಲ್ಲಿ ರೈಲುಹಾದಿಗಳು ಅವಶ್ಯವೆಂದು ಸೂಚಿಸಿದುದರ ಹಿಂದೆ ಇಂತಹ ಅನುಭವಗಳೇ ಇದ್ದವು. 1882ರಲ್ಲಿ ಸ್ಥಾಪಿತವಾದ ಸದರನ್ ಮರಾಠಾ ರೈಲ್ವೆ ಕಂಪನಿಯು ಬಳ್ಳಾರಿ, ಹೊಸಪೇಟೆ, ಗದಗುಗಳ ಮೇಲೆ ಹುಬ್ಬಳ್ಳಿಯ ಕಡೆಗೆ ಮೀಟರ್ ಗೇಜ್ ಹಾದಿಯನ್ನು ಹಾಸಿತು. ಹೊಸಪೇಟೆಯಿಂದ ದಕ್ಷಿಣಕ್ಕೆ ಒಡೆದ ಕವಲು ಹಗರಿಬೊಮ್ಮನಹಳ್ಳಿಯನ್ನು ಹಾಯ್ದು, 1905ರಲ್ಲಿ ಕೊಟ್ಟೂರನ್ನು ಮುಟ್ಟಿ ಅಲ್ಲಿಯೇ ನಿಂತಿತು.

ಹೀಗೆ ಹಾದಿಯು ಕೊನೆಗೊಂಡುದು ಕೊಟ್ಟೂರಿಗೆ ಒಂದು ಬಗೆಯ ಭಾಗ್ಯವೇ ಆಯಿತು. ಅದು ಆಗ ತಾಲ್ಲೂಕಿನ ಕಸಬೆಯಾಗಿರಲಿಲ್ಲ. ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದ ಒಂದು ಪೇಟೆಯಾಗಿದ್ದಿತು. ಆದರೂ ಹರಪನಹಳ್ಳಿಯ ಕಡೆಯ ಬಂಡಿಗಳೂ ಕೂಡ್ಲಿಗಿಯ ಕಡೆಯ ಬಂಡಿಗಳೂ ಗಾಡಿಯ ಸಲುವಾಗಿ ಬಂದು ಸೇರುತ್ತಿದ್ದುದು ಇಲ್ಲಿಯೇ. ಬಂದ ಎಂಜಿನ್ನನ್ನು ಕಳಚಿ, ಪಕ್ಕದ ಹಳಿಯಲ್ಲಿ ಸುತ್ತಿಸಿ ತಂದು, ಹಿಂದಣ ತುದಿಗೆ ಜೋಡಿಸಿದರೆ ಅದೇ ಗಾಡಿಯು ಹೊಸಪೇಟೆಗೆ ಹೊರಡಲು ಸಿದ್ಧ. ಹತ್ತಿ, ಶೇಂಗಾಗಳ ವ್ಯಾಪಾರಿಗಳಿಗೆ ಇನ್ನೊಂದು ಅನುಕೂಲವಿದ್ದಿತು. ಮದರಾಸಿನ ದಿಕ್ಕಿಗೆ ಸರಕನ್ನು ಕಳುಹಿಸಿದರೆ ಗುಂತಕಲ್ಲಿನಲ್ಲಿ ಅದನ್ನು ಇಳಿಸಿ, 5 ಅಡಿ 6 ಅಂಗುಲದ ಅಗಲ ಹಾದಿಯ ಬಂಡಿಗಳಿಗೆ ಮತ್ತೆ ಏರಿಸಬೇಕು. ಕೂಲಿಯೂ ಹೆಚ್ಚು, ಕಾಲವೂ ಹೆಚ್ಚು. ಪಡುವಣಕ್ಕಾದರೋ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕುಗಳ ಮೇಲೆ ಮಾರ್ಮಗೋವಾ ಬಂದರಿನವರೆಗೂ ಒಂದೇ ಅಗಲದ ಹಳಿ. ಕೊಟ್ಟೂರಿನಲ್ಲಿ ಏರಿದ ಹತ್ತಿಯ ಅಂಡಿಗೆಯು ನಡುವೆ ಬಂಡಿ ಬದಲಿಸದೆ ಸಮುದ್ರವನ್ನು ಕಾಣಬಹುದಾಗಿದ್ದಿತು. ಸಮುದ್ರವನ್ನು ಕನಸಿನಲ್ಲಿಯೂ ಕಾಣದ ಈ ಒಣನೆಲಕ್ಕೆ ಇದು ಸಣ್ಣ ಸಂಬಂಧವಲ್ಲ.

ಮಾಘಮಾಸದಲ್ಲಿ ನಿಲ್ದಾಣದ ಸ್ವರೂಪವೇ ಬೇರೆ. ಭಾರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆ. ಅದರ ಹಿಂದೆಯೇ ಬಹುಳ ಪಕ್ಷದಲ್ಲಿ ಕೊಟ್ಟೂರಿನ ರಥೋತ್ಸವ. ನಡೆದೇ ಬರುವೆನೆಂದು ಹರಕೆ ಹೊತ್ತವರನ್ನು ಯಾವ ರೈಲೂ ಸೆಳೆಯಲಾರದು. ಅವರು ಇಂದಿಗೂ ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿಯೇ ಬರುತ್ತಾರೆ. ಆದರೆ ಮುದುಕರು, ಬಾಣಂತಿಯರು, ಕೂಸುಗಳನ್ನು ಎತ್ತಿಕೊಂಡವರು ಇಂತಹವರಿಗೆ ಗಾಡಿಯೇ ಗತಿ. ಹತ್ತಿಗಾಗಿ ಬಂದ ಹಾದಿಯನ್ನು ಭಕ್ತರು ತಮ್ಮದಾಗಿ ಮಾಡಿಕೊಂಡರೆನ್ನಬೇಕು.

ಇಷ್ಟಿದ್ದರೂ ಈ ಹಾದಿಗೆ ಒಂದು ದೊಡ್ಡ ಊನವಿದ್ದಿತು. ಕೊಟ್ಟೂರಿನಿಂದ ಹರಿಹರಕ್ಕೆ ಸುಮಾರು 65 ಕಿಲೋಮೀಟರು. ಹರಿಹರವು ಬೆಂಗಳೂರು–ಹುಬ್ಬಳ್ಳಿ ಹಾದಿಯ ಮೇಲಿನ ನಿಲ್ದಾಣ. ಆದರೆ ರೈಲಿನಲ್ಲಿಯೇ ಹೋಗುವೆನೆಂದವನು ಹೊಸಪೇಟೆ, ಗದಗ, ಹುಬ್ಬಳ್ಳಿಗಳನ್ನು ಸುತ್ತಿ 300 ಕಿಲೋಮೀಟರಿಗೂ ಮಿಕ್ಕ ಪ್ರಯಾಣ ಮಾಡಬೇಕಾಗಿದ್ದಿತು. ಹರಪನಹಳ್ಳಿ ಮದರಾಸು ಆಧಿಪತ್ಯಕ್ಕೆ ಸೇರಿದ್ದು, ಹರಿಹರ ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ಒಂದೇ ಭಾಷೆಯ, ಒಂದೇ ಬಳಕೆಯ ಜನರ ನಡುವೆ ಹಳಿ ಹಾಸದೆ ಉಳಿದುದಕ್ಕೆ ಈ ಗಡಿಯೂ ಒಂದು ಕಾರಣವೆಂದು ನನ್ನ ಭಾವನೆ. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮೈಸೂರಿಗೆ ಸೇರಿ ಗಡಿಯೇನೋ ಅಳಿಯಿತು. ಹಳಿ ಮಾತ್ರ ಬರಲಿಲ್ಲ.

ಆಡಳಿತವು ಕೈಯಿಂದ ಕೈಗೆ ಬದಲಾಗುತ್ತಲೇ ಇದ್ದಿತು. 1908ರಲ್ಲಿ ಮದ್ರಾಸ್ ಮತ್ತು ಸದರನ್ ಮರಾಠಾ ಕಂಪನಿ, 1951ರಲ್ಲಿ ದಕ್ಷಿಣ ರೈಲ್ವೆ, 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈರುತ್ಯ ರೈಲ್ವೆ. ಕಡೆಗೆ 1990ರ ದಶಕದ ನಡುವಿನಲ್ಲಿ ಹರಿಹರದ ಹಾದಿಗೆ ಮಂಜೂರಾತಿ ದೊರೆಯಿತು. ವಿಚಿತ್ರವೆಂದರೆ, ಹೆಚ್ಚುಕಡಮೆ ಅದೇ ಸಮಯಕ್ಕೆ ಹಳಿಯನ್ನು ಅಗಲಗೊಳಿಸುವ ಸಲುವಾಗಿ ಹೊಸಪೇಟೆ–ಕೊಟ್ಟೂರು ನಡುವಣ ಪ್ರಯಾಣಿಕರ ಗಾಡಿಯೂ ನಿಂತುಹೋಯಿತು. ಇದೇ ಹಾದಿಯಿಂದ ಗುಂಡಾರೋಡಿನ ಬಳಿ ಕವಲೊಡೆಯುವ ಸ್ವಾಮಿಹಳ್ಳಿಯ ಮಾರ್ಗದಲ್ಲಿ ಸೊಂಡೂರಿನ ಅದಿರನ್ನು ಹೊತ್ತ ಗಾಡಿಗಳು ಸಾಗಿದವು. ಮನುಷ್ಯರು ಮಾತ್ರ ಬಸ್ಸುಗಳಲ್ಲಿ ಜೋತುಬಿದ್ದರು. ಗಾಡಿಯ ಸಿಳ್ಳೆಯನ್ನು ಕೇಳದೆಯೇ ಕೊಟ್ಟೂರಿನಲ್ಲಿ ಒಂದು ತಲೆಮಾರು ಬೆಳೆಯಿತು. ಅರ್ಜಿಗಳು, ಮನವಿಗಳು, ಧರಣಿಗಳು ನಡೆದವು. ಹರಪನಹಳ್ಳಿಯ ಮೇಲೆ ಹರಿಹರಕ್ಕೆ ಹೊಸ ಹಳಿ ಸಿದ್ಧವಾದ ಮೇಲೂ ಕಾಯಬೇಕಾಯಿತು. 2019ರಲ್ಲಿ ಹೊಸಪೇಟೆ–ಹರಿಹರ ಗಾಡಿಯು ಓಡಲಾರಂಭಿಸಿದಾಗ, 1905ರಿಂದ ಕೊನೆಯ ನಿಲ್ದಾಣವೆನಿಸಿದ್ದ ಕೊಟ್ಟೂರು ನಡುಹಾದಿಯ ನಿಲ್ದಾಣವಾಯಿತು. ಎಂಜಿನ್ನನ್ನು ಹಿಂದುಮುಂದು ಮಾಡುವ ಪ್ರಮೇಯ ಈಗಿಲ್ಲ. ಬಿಜಾಪುರ, ಯಶವಂತಪುರಗಳ ನಡುವಣ ಗಾಡಿಯೂ ಇದೇ ಹಾದಿಯನ್ನು ಹಿಡಿಯಿತು.

ಹಗರಿಬೊಮ್ಮನಹಳ್ಳಿಗೂ ಕೊಟ್ಟೂರಿಗೂ ಹರಪನಹಳ್ಳಿಗೂ ಈಗ ರೈಲು ಬಂದಿದೆ. ಕೂಡ್ಲಿಗಿ, ಹಡಗಲಿ ಎಂಬ ಎರಡು ಹಳೆಯ ಕಸಬೆಗಳು ಮಾತ್ರ ನಕ್ಷೆಯಲ್ಲಿ ಆ ಕರಿಯ ಗೆರೆಯ ಆಚೀಚೆಗೆ ಹಾಗೆಯೇ ಉಳಿದಿವೆ. ಮೈಲಾರಕ್ಕೆ ಹೋಗುವ ಯಾತ್ರಿಕರು ಹಡಗಲಿಯವರೆಗೆ ರಸ್ತೆಯನ್ನೇ ನಂಬಬೇಕು. ಕೂಡ್ಲಿಗಿಯವರು ರೈಲು ಹತ್ತಬೇಕಾದರೆ, ಅವರ ಮುತ್ತಜ್ಜಂದಿರಂತೆಯೇ, ಮೊದಲು ಕೊಟ್ಟೂರಿನ ದಾರಿಯನ್ನು ಹಿಡಿಯಬೇಕು.