ಮೋಟಾರು ಸೈಕಲ್ಲಿನವರ ಕೈಸನ್ನೆ

ಹಾದಿಯಲ್ಲಿ ಎದುರಾದವರು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳತಕ್ಕದ್ದೆಂಬ ವಿಚಾರವು ನಮ್ಮ ಪೂರ್ವಿಕರಿಗೆ ಅಲ್ಪವಾಗಿ ತೋರಿರಲಿಲ್ಲ. ಚಕ್ರವುಳ್ಳ ವಾಹನವನ್ನೇರಿದವನಿಗೂ, ತೊಂಬತ್ತು ವರ್ಷ ಮೀರಿದ ವೃದ್ಧನಿಗೂ, ರೋಗಿಗೂ, ಹೊರೆ ಹೊತ್ತವನಿಗೂ, ಸ್ತ್ರೀಗೂ, ಸ್ನಾತಕನಿಗೂ, ರಾಜನಿಗೂ, ಮದುವಣಿಗನಿಗೂ ದಾರಿ ಬಿಡಬೇಕೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ವಿಧಿಸುತ್ತದೆ. ಪ್ರತ್ಯಭಿವಾದನವನ್ನರಿಯದವನಿಗೆ ಅಭಿವಾದನವೂ ಸಲ್ಲದೆಂಬ ಮಾತು ಅದೇ ಅಧ್ಯಾಯದಲ್ಲಿದೆ. ಈಗ ವಾಹನಗಳು ಬೇರೆಯಾಗಿವೆ, ವಿಧಿಗಳೂ ಬೇರೆಯಾಗಿವೆ. ಆದರೂ ದಾರಿಗರು ಪರಸ್ಪರ ತಿಳಿಸತಕ್ಕ ಮಾತು ಮುಗಿದಿಲ್ಲ. ಶಿರಸ್ತ್ರಾಣದಿಂದ ಮುಖವು ಮರೆಯಾಗಿ, ಯಂತ್ರದ ಸದ್ದಿನಲ್ಲಿ ಕಂಠವು ಅಡಗಿಹೋಗಿರುವ ಮೋಟಾರು ಸೈಕಲ್ಲಿನವನು ಆ ಮಾತನ್ನು ಕೈಯಿಂದಲೇ ಆಡಬೇಕಾಗಿದೆ.

ಈ ಕೈಸನ್ನೆಗಳಲ್ಲಿ ಮೊದಲನೆಯ ವರ್ಗವು ಕಾಯಿದೆಯಿಂದ ಬಂದುದು. ಬ್ರಿಟಿಷ್ ಇಂಡಿಯಾಕ್ಕೆಂದು 1939ರಲ್ಲಿ ವಿಧಿಸಲ್ಪಟ್ಟು, ಸ್ವಾತಂತ್ರ್ಯಾನಂತರ ಮೈಸೂರು ಸೀಮೆಗೂ ಅನ್ವಯಿಸಿದ ಮೋಟಾರು ವಾಹನಗಳ ಕಾಯಿದೆಯು, ವಾಹನ ನಡೆಸುವವನು ಸನ್ನೆ ಮಾಡಲೇಬೇಕಾದ ಸಂದರ್ಭಗಳನ್ನು ಗೊತ್ತುಮಾಡಿತು. 2017ರವರೆಗೆ ಜಾರಿಯಲ್ಲಿದ್ದ 1989ರ ರಸ್ತೆ ನಿಯಮಗಳಲ್ಲಿ ಅವು ಐದು ಬಗೆಯಾಗಿ ಕಾಣುತ್ತವೆ. ವೇಗ ತಗ್ಗಿಸುವವನು ಬಲದೋಳನ್ನು ಚಾಚಿ, ಅಂಗೈಯನ್ನು ಕೆಳಮುಖವಾಗಿಸಿ, ಮೇಲೆ ಕೆಳಗೆ ಆಡಿಸಬೇಕು. ನಿಲ್ಲುವವನು ಮುಂಗೈಯನ್ನು ನೆಟ್ಟಗೆ ಎತ್ತಬೇಕು. ಬಲಕ್ಕೆ ತಿರುಗುವವನು ತೋಳನ್ನು ಅಡ್ಡಲಾಗಿ ಚಾಚಬೇಕು. ಎಡಕ್ಕೆ ತಿರುಗುವವನು ಚಾಚಿದ ತೋಳನ್ನು ಅಪ್ರದಕ್ಷಿಣವಾಗಿ ಸುತ್ತಿಸಬೇಕು. ಹಿಂದಿನವನಿಗೆ ಮುಂದೆ ಹೋಗಲು ಸಮ್ಮತಿಸುವವನು ತೋಳನ್ನು ಹಿಂದೆ ಮುಂದೆ ಬೀಸಬೇಕು.

ಈ ಐದೂ ಬಲಗೈಯ ಕಾರ್ಯಗಳೇ ಎಂಬುದನ್ನು ಗಮನಿಸಬೇಕು. ರಸ್ತೆಯ ಎಡಬದಿಯಲ್ಲಿ ಸಂಚರಿಸುವ ನಮ್ಮ ದೇಶದಲ್ಲಿ ಕಾರು ನಡೆಸುವವನು ಬಲಗಡೆ ಕುಳಿತಿರುವುದರಿಂದ, ಅವನ ಬಲಗೈಗೆ ಕಿಟಕಿಯು ಸಮೀಪ. ಮೋಟಾರು ಸೈಕಲ್ಲಿನವನ ಪಾಡು ಹಾಗಲ್ಲ. ವೇಗವನ್ನು ಹೆಚ್ಚಿಸುವ ಹಿಡಿಯೂ ಮುಂಚಕ್ರದ ಬ್ರೇಕೂ ಅವನ ಬಲಗೈಯಲ್ಲಿಯೇ ಇವೆ. ನಿಲ್ಲುವೆನೆಂದು ತಿಳಿಸಲು ನಿಲ್ಲಿಸುವ ಸಾಧನವನ್ನೇ ಕೈಬಿಡಬೇಕಾದ ಸಂಕಟವು ಅವನದು. ಬಲಕ್ಕಾಗಲಿ ಎಡಕ್ಕಾಗಲಿ ತಿರುಗುವುದನ್ನೂ ನಿಲ್ಲುವುದನ್ನೂ ಯಂತ್ರದಿಂದ ಅಥವಾ ವಿದ್ಯುತ್ತಿನಿಂದ ತೋರಿಸಬಹುದೆಂದು 1988ರ ಕಾಯಿದೆಯ 121ನೆಯ ಪ್ರಕರಣವು ಒಪ್ಪಿದೆ. ಇಂಡಿಕೇಟರು ದೀಪಗಳು ಎಲ್ಲ ಬಂಡಿಗಳಿಗೂ ಬಂದಮೇಲೆ ಬಲಗೈಗೆ ಈ ಸಂಕಟವು ಬಹುಮಟ್ಟಿಗೆ ತಪ್ಪಿತು.

ಎರಡನೆಯ ವರ್ಗವು ಸವಾರರ ಪರಸ್ಪರ ವಂದನೆ. 1904ರಲ್ಲಿ ಅಮೆರಿಕದ ಹಾರ್ಲಿ, ಡೇವಿಡ್‌ಸನ್ ಎಂಬ ಬಂಡಿ ತಯಾರಕರು ಎದುರುಬದುರಾಗಿ ಕೈ ಬೀಸಿದ್ದೇ ಇದಕ್ಕೆ ಮೂಲವೆಂದು ಹೇಳುವುದುಂಟು; ಅದನ್ನು ಕಥೆಯೆಂದೇ ಎಣಿಸತಕ್ಕದ್ದು. ಅಮೆರಿಕದಲ್ಲಿ ಸಂಚಾರವು ಬಲಬದಿಯಲ್ಲಿ ನಡೆಯುವುದರಿಂದ ಎದುರು ಸವಾರನು ಎಡಗಡೆಯಲ್ಲಿ ಹಾದುಹೋಗುತ್ತಾನೆ. ವೇಗದ ಹಿಡಿಯಿಲ್ಲದ ಎಡಗೈಯನ್ನು ಅಲ್ಲಿ ಸುಲಭವಾಗಿ ಬೀಸಬಹುದು. ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ ಎದುರು ಸವಾರನು ಬಲಗಡೆಗೆ ಬರುತ್ತಾನೆ. ಆ ಕಡೆಯ ಕೈಗೆ ಬಿಡುವಿಲ್ಲ. ಮೇಲಾಗಿ ನಮ್ಮ ಆಚಾರದಲ್ಲಿ ಎಡಗೈಯ ವಂದನೆಯು ಶೋಭಿಸುವುದಿಲ್ಲ. ಆದುದರಿಂದ ತಲೆಯನ್ನು ತುಸು ಬಾಗಿಸುವುದೇ ಇಲ್ಲಿ ಯುಕ್ತವಾದ ವಂದನೆಯಾಗಿದೆ.

ಈ ವಂದನೆಗೆ ವಿನೋದವೊಂದೇ ಕಾರಣವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆದಿಯಿಂದ ಜಾವಾ ಬಂಡಿಗಳನ್ನೂ, 1973ರಿಂದ ಯೆಜ್ಡಿ ಎಂಬ ಹೆಸರಿನವನ್ನೂ ತಯಾರಿಸಿ 1996ರಲ್ಲಿ ಮುಚ್ಚಿಹೋಯಿತು. ತಯಾರಿಸಿದವರೇ ಇಲ್ಲದ ಮೇಲೆ ಬಿಡಿಭಾಗಕ್ಕೂ ರಿಪೇರಿಯ ಉಪಾಯಕ್ಕೂ ಆ ಬಂಡಿಯವನಿಗೆ ಅಂಥದೇ ಬಂಡಿಯ ಇನ್ನೊಬ್ಬನೇ ಗತಿಯಾದನು. ಇಂದು ಕಂಡು ತಲೆಬಾಗಿದವನು ನಾಳೆ ಕೆಟ್ಟುನಿಂತಾಗ ನೆರವಾಗುವವನು. ಭಾನುವಾರದ ಮುಂಜಾವಿನಲ್ಲಿ ದೇವನಹಳ್ಳಿಯ ಮಾರ್ಗವಾಗಿ ನಂದಿಬೆಟ್ಟಕ್ಕೆ ಸಾಗುವ ಗುಂಪುಗಳಲ್ಲಿ ಈ ಸಖ್ಯವು ಈಗಲೂ ಕಾಣಬರುತ್ತದೆ. ಒಂದು ಬೆರಳೆತ್ತಿದರೆ ಒಬ್ಬರ ಹಿಂದೊಬ್ಬರು ಸಾಗಬೇಕೆಂದೂ, ಕಾಲನ್ನು ಹೊರಚಾಚಿದರೆ ಆ ಬದಿಯಲ್ಲಿ ಗುಂಡಿಯಿದೆಯೆಂದೂ ಅವರಲ್ಲಿ ಅರ್ಥ.

ಮೂರನೆಯ ವರ್ಗವು ಕಾಯಿದೆಯಲ್ಲಿಲ್ಲ, ಸಖ್ಯದಿಂದ ಹುಟ್ಟಿದುದೂ ಅಲ್ಲ. ಆದರೂ ಅದೇ ಶ್ರೇಷ್ಠವಾದುದು. ಬಂಡಿಯ ಸೈಡ್ ಸ್ಟ್ಯಾಂಡನ್ನು ಮಡಿಸಲು ಮರೆತವನಿಗೆ, ಹಿಂದಿನಿಂದ ಬಂದ ಅಪರಿಚಿತನು ಬೆರಳನ್ನು ಕೆಳಗೆ ತೋರಿಸಿ “ಸ್ಟ್ಯಾಂಡು, ಸ್ಟ್ಯಾಂಡು” ಎಂದು ಕೂಗಿ ಎಚ್ಚರಿಸುತ್ತಾನೆ. ಸೀರೆಗಳನ್ನು ನೇಯುವ ದೊಡ್ಡಬಳ್ಳಾಪುರದ ಬೀದಿಯಲ್ಲಾಗಲಿ, ಹೊಸಕೋಟೆಯ ಸಂತೆಯ ದಾರಿಯಲ್ಲಾಗಲಿ, ಹಿಂದೆ ಕುಳಿತ ಹೆಂಗಸಿನ ಸೆರಗು ಚಕ್ರದ ಸಮೀಪಕ್ಕೆ ಜೋತುಬಿದ್ದರೆ, ಕಂಡವರು ಕೈಯೆತ್ತಿ “ಸೆರಗಮ್ಮಾ!” ಎನ್ನದೆ ಬಿಡರು. ಹಿಂಚಕ್ರದ ಅರ್ಧಕ್ಕೆ ಕಡಮೆಯಿಲ್ಲದಂತೆ ರಕ್ಷಕವನ್ನು ಹೊದಿಸಬೇಕೆಂದು 1989ರ ಕೇಂದ್ರ ನಿಯಮಾವಳಿಯ 123ನೆಯ ನಿಯಮವು ಹೇಳುತ್ತದೆ. ಉಳಿದ ಭಾಗಕ್ಕೆ ರಕ್ಷಕವು ಅಪರಿಚಿತನ ಆ ಕೈಯೇ. ಸೆರಗು ಸಿಕ್ಕಿಕೊಂಡ ಮೇಲೆ ಯಾವ ಮಾತಿಗೂ ಅವಕಾಶವಿಲ್ಲ.

ಹಗಲಿನಲ್ಲಿ ದೀಪವು ಉರಿಯುತ್ತಿದೆಯೆಂದು ತಿಳಿಸಲು ಬೆರಳುಗಳನ್ನು ಮುಚ್ಚಿ ತೆರೆಯುವ ಸನ್ನೆಯೂ ಇದೇ ವರ್ಗದ್ದು. 1 ಏಪ್ರಿಲ್ 2017ರಿಂದ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ, ಎದುರಿನವರಿಗೆ ಚೆನ್ನಾಗಿ ಕಾಣಲೆಂದು, ಮುಂದೀಪವು ಯಂತ್ರದೊಡನೆ ತಾನಾಗಿಯೇ ಉರಿಯಬೇಕೆಂದು ಸರ್ಕಾರವು ವಿಧಿಸಿತು. ಇದನ್ನರಿಯದ ಹಿರಿಯರು ಎಷ್ಟೋ ಕಾಲ ಸನ್ನೆ ಮಾಡುತ್ತಲೇ ಇದ್ದರು. ಹೊಸ ಬಂಡಿಯ ಹುಡುಗರಲ್ಲಿ ಕೆಲವರು ನಕ್ಕರು, ಕೆಲವರು ಬೇಸತ್ತು ಮುಖ ತಿರುಗಿಸಿದರು. ಸನ್ನೆಯ ಅರ್ಥವು ತಪ್ಪಿರಬಹುದು, ಅದರ ಉದ್ದೇಶವು ತಪ್ಪಲಿಲ್ಲ. ನಗೆಗೆ ಅಂಜಿ ಕೈಯನ್ನು ಒಮ್ಮೆ ಹಿಂತೆಗೆದವನು ಸೆರಗು ಚಕ್ರಕ್ಕೆ ಸಿಕ್ಕುವ ದಿನವೂ ಸುಮ್ಮನೆ ಹೋದಾನು.

ಪ್ರಾಚೀನರು ಪ್ರತ್ಯಭಿವಾದನದ ಮೇಲೆ ಅಷ್ಟು ನಿರ್ಬಂಧವನ್ನಿಟ್ಟುದರ ಮರ್ಮವು ಇಲ್ಲಿ ತಿಳಿಯಬರುತ್ತದೆ. ಉತ್ತರ ದೊರೆಯದ ಕಡೆ ವಂದನೆಯು ಕ್ರಮೇಣ ಅಡಗಿಹೋಗುತ್ತದೆ. ದೀಪವು ಉರಿಯುತ್ತಿದೆಯೆಂದು ತೋರಿಸಿದ ಹಿರಿಯನಿಗೆ ಒಂದು ಸಲ ತಲೆ ಬಾಗಿಸಿ ಮುಂದೆ ಸಾಗುವುದರಿಂದ ಸವಾರನಿಗೆ ನಷ್ಟವೇನೂ ಇಲ್ಲ. ಆ ಹಿರಿಯನ ಕೈ ಇನ್ನೊಬ್ಬರಿಗಾಗಿ ಮತ್ತೊಮ್ಮೆ ಏಳುತ್ತದೆ.