ವಾಟ್ಸ್‌ಆ್ಯಪ್ ಬಳಕೆ: ಫಾರ್ವರ್ಡ್ ಮಾಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬಳ್ಳಾರಿ: 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಸಮೀಪದ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಇತರ ಗೇಟುಗಳನ್ನೂ ತೆರೆದು ನದಿಗೆ ನೀರು ಹರಿಸಲಾಯಿತು. ಇಂತಹ ರಾತ್ರಿ ಸಿರುಗುಪ್ಪ ತಾಲ್ಲೂಕಿನ ನದಿತೀರದ ಕುಟುಂಬಕ್ಕೆ ಮುಖ್ಯವಾಗಿ ತಿಳಿಯಬೇಕಾದುದು ಎರಡು ಸಂಗತಿ: ನದಿಗೆ ಎಷ್ಟು ನೀರು ಬಿಡಲಾಗಿದೆ, ಯಾವಾಗ ಬಿಡಲಾಗಿದೆ. ಮೊಬೈಲಿಗೆ ಬರುವ ದಿನಾಂಕವಿಲ್ಲದ ವಿಡಿಯೊ ಇವೆರಡರಲ್ಲಿ ಒಂದನ್ನೂ ಹೇಳುವುದಿಲ್ಲ.

ಹಿಂದೆ ಊರಿನಲ್ಲಿ ಡಂಗುರ ಸಾರಿದಾಗ ಅದು ಯಾರ ಅಪ್ಪಣೆ ಎಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ಇಂದು ಅದೇ ಕೆಲಸ ಮಾಡುತ್ತಿರುವ ವಾಟ್ಸ್‌ಆ್ಯಪ್‌ನಲ್ಲಿ ಸಾರಿದವರು ಯಾರೆಂಬುದೇ ತಿಳಿಯದು. ಆದ್ದರಿಂದ ಈ ತಂತ್ರಾಂಶದ ಬಳಕೆಯನ್ನು ಅರಿಯುವುದು ಅಗತ್ಯವಾಗಿದೆ.

ಹಿನ್ನೆಲೆ

ಜಾನ್ ಕೂಮ್ ಮತ್ತು ಬ್ರಿಯಾನ್ ಆಕ್ಟನ್ 2009ರಲ್ಲಿ ಆರಂಭಿಸಿದ ವಾಟ್ಸ್‌ಆ್ಯಪ್ ಅನ್ನು 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡಿತು. 2016ರ ಏಪ್ರಿಲ್‌ನಿಂದ ಇದರ ಸಂದೇಶಗಳು ಗೂಢಲಿಪಿಯಲ್ಲಿ ರವಾನೆಯಾಗುತ್ತಿವೆ. ಕಳುಹಿಸಿದವರು ಮತ್ತು ಪಡೆದವರ ಹೊರತು ಮಾರ್ಗಮಧ್ಯದಲ್ಲಿ ಯಾರೂ, ಸ್ವತಃ ಕಂಪನಿಯೂ, ಅವುಗಳನ್ನು ಓದಲಾಗದು. ಇದು ಖಾಸಗಿತನಕ್ಕೆ ಒಳ್ಳೆಯದೇ. ಆದರೆ ಸುಳ್ಳು ಸಂದೇಶವನ್ನು ಮಧ್ಯದಲ್ಲಿ ತಡೆಯುವವರೂ ಇರುವುದಿಲ್ಲ ಎಂಬುದು ಗಮನಾರ್ಹ. ತಡೆಯುವ ಹೊಣೆ ಬಳಕೆದಾರರ ಮೇಲೆಯೇ ಬೀಳುತ್ತದೆ.

ಬಳ್ಳಾರಿ ನಗರದ ಜೀನ್ಸ್ ಘಟಕದ ಮಾಲೀಕರಿಗೆ ಮಾದರಿಯ ಚಿತ್ರ ಕಳುಹಿಸಲು, ಸಿರುಗುಪ್ಪದ ಭತ್ತದ ಬೆಳೆಗಾರರಿಗೆ ಧಾರಣೆ ತಿಳಿಯಲು, ಕುರುಗೋಡಿನ ರೈತರಿಗೆ ಕಾಲುವೆ ನೀರಿನ ಸುದ್ದಿ ಹಂಚಿಕೊಳ್ಳಲು ಇದು ಅನುಕೂಲಕರ ಸಾಧನ. ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡ ಈ ಭಾಗದಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಬಲ್ಲವರು ಬಹಳ. ಹೀಗಾಗಿ ಗಡಿಯಾಚೆಯ ಗಾಳಿಸುದ್ದಿಗೂ ಇಲ್ಲಿ ಭಾಷೆಯ ಅಡ್ಡಿಯಿಲ್ಲ.

ಬೀದರ್ ಕಲಿಸಿದ ಪಾಠ

ಗಾಳಿಸುದ್ದಿಯ ಬೆಲೆ ಏನೆಂಬುದನ್ನು ರಾಜ್ಯವು 2018ರಲ್ಲಿ ಕಂಡಿದೆ. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂಬ ಶಂಕೆಯಿಂದ ಥಳಿಸಿ ಕೊಲ್ಲಲಾಯಿತು. ಜುಲೈ 13ರಂದು ಬೀದರ್ ಜಿಲ್ಲೆಗೆ ಬಂದಿದ್ದ ಸ್ನೇಹಿತರ ತಂಡವೊಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಅವರು ಕಾರಿನಲ್ಲಿ ಅಲ್ಲಿಂದ ಹೊರಟರೂ ಸಂದೇಶವು ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಮುರ್ಕಿ ಗ್ರಾಮದಲ್ಲಿ ರಸ್ತೆಗೆ ಅಡ್ಡಗಟ್ಟಿದ ಗುಂಪು ನಡೆಸಿದ ಹಲ್ಲೆಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಮೃತಪಟ್ಟರು.

ಆ ದಿನಗಳಲ್ಲಿ ಹರಿದಾಡಿದ, ಬೈಕ್ ಸವಾರರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ವಾಸ್ತವವಾಗಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಾದ ಚಿತ್ರ. ಮಗುವನ್ನು ಹಿಂದಿರುಗಿಸುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಲಾಗಿತ್ತು.

ಫಾರ್ವರ್ಡ್ ಗುರುತು ಮತ್ತು ಮಿತಿ

2018ರ ಜುಲೈನಲ್ಲಿ ಕಂಪನಿಯು ಫಾರ್ವರ್ಡ್ ಆದ ಸಂದೇಶಗಳಿಗೆ ಗುರುತು ಹಾಕತೊಡಗಿತು. ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಮಿತಿಯನ್ನೂ ವಿಧಿಸಿತು. ಸಂದೇಶದ ಮೇಲೆ ಒಂದು ಬಾಣದ ಗುರುತು ಇದ್ದರೆ ಅದು ಕಳುಹಿಸಿದವರ ಸ್ವಂತ ಬರಹವಲ್ಲ. ಜೋಡಿ ಬಾಣವಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು ಎಂದರ್ಥ. 2020ರ ಏಪ್ರಿಲ್‌ನಿಂದ ಜೋಡಿ ಬಾಣದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಜೋಡಿ ಬಾಣವೆಂದರೆ ಸುದ್ದಿ ಸುಳ್ಳೆಂದೇನೂ ಅಲ್ಲ. ಅದರ ಮೂಲ ದೂರದಲ್ಲಿದೆ ಎಂದಷ್ಟೇ ತಿಳಿಯಬೇಕು. ಸಂದೇಶವನ್ನು ನಕಲು ಮಾಡಿ ಅಂಟಿಸಿದರೆ ಈ ಗುರುತು ಕಾಣುವುದಿಲ್ಲ ಎಂಬುದೂ ನೆನಪಿರಲಿ.

ಮುಂದಕ್ಕೆ ಕಳುಹಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಹೇಳಿದವರು ಯಾರು? ಯಾವ ಊರಿನದು? ಯಾವ ದಿನದ್ದು? ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮಲ್ಲಿಗೇ ನಿಲ್ಲಲಿ. ಪ್ರವಾಹದ ಸುದ್ದಿಯಾದರೆ ವಿಪತ್ತು ಸಹಾಯವಾಣಿ 1077ಕ್ಕೆ, ಶಂಕಾಸ್ಪದ ವ್ಯಕ್ತಿಯ ವಿಷಯವಾದರೆ 112ಕ್ಕೆ ಕರೆ ಮಾಡುವುದು ಸೂಕ್ತ.

ಖಾತೆಯ ರಕ್ಷಣೆ

* ಎರಡು ಹಂತದ ಪರಿಶೀಲನೆ: ‘ಸೆಟ್ಟಿಂಗ್ಸ್’ನ ‘ಖಾತೆ’ ವಿಭಾಗದಲ್ಲಿ ಆರಂಕಿಯ ಪಿನ್ ಇರಿಸಿಕೊಳ್ಳಿ. ನಿಮ್ಮ ಸಂಖ್ಯೆಯನ್ನು ಬೇರೊಬ್ಬರು ತಮ್ಮ ಫೋನಿನಲ್ಲಿ ನೋಂದಾಯಿಸುವುದು ಕಷ್ಟವಾಗುತ್ತದೆ.

* ನೋಂದಣಿ ಸಂಕೇತ: ಎಸ್‌ಎಂಎಸ್ ಮೂಲಕ ಬರುವ ಆರಂಕಿಯ ಸಂಕೇತವನ್ನು ಆಪ್ತರು ಕೇಳಿದರೂ ಹೇಳಬೇಡಿ. ಖಾತೆ ಕೈವಶವಾದರೆ ನಿಮ್ಮ ಹೆಸರಿನಲ್ಲೇ ಬಂಧುಗಳಿಂದ ಹಣ ಕೇಳುವುದು ವಂಚಕರ ರೂಢಿ.

* ಗುಂಪುಗಳು: ‘ಗೌಪ್ಯತೆ’ ವಿಭಾಗದಲ್ಲಿ ‘ನನ್ನ ಸಂಪರ್ಕಗಳು’ ಎಂದು ಆರಿಸಿದರೆ ಅಪರಿಚಿತರು ನಿಮ್ಮನ್ನು ನೇರವಾಗಿ ಗುಂಪಿಗೆ ಸೇರಿಸಲಾಗದು.

* ಕಡತಗಳು: ಮದುವೆ ಆಮಂತ್ರಣ ಅಥವಾ ಸರ್ಕಾರಿ ಯೋಜನೆಯ ಹೆಸರಿನಲ್ಲಿ ಬರುವ ‘ಎಪಿಕೆ’ ಕಡತವನ್ನು ತೆರೆಯಬೇಡಿ. ಅದು ಆಮಂತ್ರಣವಲ್ಲ, ಫೋನಿನೊಳಗೆ ಸೇರಿಕೊಳ್ಳುವ ತಂತ್ರಾಂಶ.

* ಅಡ್ಮಿನ್‌ಗಳಿಗೆ: ಊರಿನಲ್ಲಿ ಉದ್ವೇಗದ ವಾತಾವರಣವಿದ್ದಾಗ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಗುಂಪನ್ನು ಬದಲಾಯಿಸಬಹುದು. ಸದಸ್ಯರ ಅನುಚಿತ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸಲೂಬಹುದು.

ಹಣ ಕಳೆದುಕೊಂಡರೆ

ವಿಳಂಬ ಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣವು ಖಾತೆಯಿಂದ ಖಾತೆಗೆ ಹರಿದುಹೋಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಬಳ್ಳಾರಿಯ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ಸಲ್ಲಿಸಬಹುದು. ಸಂದೇಶ, ಸಂಖ್ಯೆ, ಹಣ ಪಾವತಿಯ ವಿವರಗಳನ್ನು ಅಳಿಸದೆ ಉಳಿಸಿಕೊಳ್ಳಿ. ನಾಚಿಕೆಯಿಂದ ಅಳಿಸಿದರೆ ಸಾಕ್ಷ್ಯವೂ ಅಳಿಸಿದಂತೆ.