ಅರೆನೆರಳಿನ ಅಂಚಿಗೆ ಬಂದ ಗಿಡಗಳು

ಶಾಲೆಯ ಹಿಂಬದಿ, ಹಲಸಿನ ಮರದ ಬುಡ, ಮಾಡಿನ ನೀರು ಬೀಳುವ ಜಾಗ. ಪ್ರತಿಯೊಂದು ಶಾಲೆಯಲ್ಲೂ ಇಂಥ ಒಂದು ಪಟ್ಟಿ ನೆಲ ಇದ್ದೇ ಇರುತ್ತದೆ. ಪೂರ್ತಿ ಬಿಸಿಲೂ ಇಲ್ಲ, ಪೂರ್ತಿ ಕತ್ತಲೆಯೂ ಇಲ್ಲ. "ಅಲ್ಲಿ ಏನೂ ಆಗಲಿಕ್ಕಿಲ್ಲ" ಎಂದು ನಾವು ಅದನ್ನು ಕಸಕ್ಕೆ ಬಿಟ್ಟುಬಿಡುತ್ತೇವೆ. ಆದರೆ ಇಂಥ ಅರೆನೆರಳಿನಲ್ಲೇ ಸುಖವಾಗಿ ಬೆಳೆಯುವ ಗಿಡಗಳಿವೆ. ಅವುಗಳಲ್ಲಿ ಒಂದೊಂದಕ್ಕೂ ಒಂದು ಚರಿತ್ರೆಯಿದೆ. ಯಾವ ಗಿಡ ಎಲ್ಲಿಂದ ಬಂತು ಎಂದು ತಿಳಿದರೆ ಅದನ್ನು ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬುದೂ ತಿಳಿಯುತ್ತದೆ.

ಮೊದಲು ನೆರಳಿನ ಲೆಕ್ಕ ನೋಡೋಣ. ನಮ್ಮ ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಹಾಗಾಗಿ ಡಿಸೆಂಬರಿನಲ್ಲಿ ತಂಪಾಗಿರುವ ಉತ್ತರದ ಗೋಡೆಯ ಬುಡಕ್ಕೆ ಮೇ ತಿಂಗಳಲ್ಲಿ ಬಿಸಿಲು ಬೀಳುತ್ತದೆ. ಒಂದು ದಿನ ನೋಡಿ ನೆರಳು ಇಷ್ಟೇ ಎಂದು ತೀರ್ಮಾನಿಸುವಂತಿಲ್ಲ. ಏಳನೆಯ ತರಗತಿಯ ಮಕ್ಕಳು ತಿಂಗಳಿಗೊಮ್ಮೆ ನೆರಳಿನ ಅಂಚಿಗೆ ಗೂಟ ಹೊಡೆದರೆ ಭೂಗೋಳದ ಪಾಠವೂ ಆಯಿತು, ತೋಟದ ನಕ್ಷೆಯೂ ಆಯಿತು.

ಈ ಕರಾವಳಿಯ ಗಿಡಗಳ ಬಗ್ಗೆ ಬಂದ ಹಳೆಯ ದೊಡ್ಡ ಗ್ರಂಥವೆಂದರೆ 'ಹಾರ್ಟಸ್ ಮಲಬಾರಿಕಸ್'. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಇದನ್ನು ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಏಳುನೂರಕ್ಕೂ ಹೆಚ್ಚು ಗಿಡಗಳ ವಿವರ ಅದರಲ್ಲಿದೆ. ಹೆಸರು ವಾನ್ ರೀಡನದ್ದಾದರೂ ಗಿಡಗಳನ್ನು ಗುರುತಿಸಿಕೊಟ್ಟವರು ಚೇರ್ತಲ ಸೀಮೆಯ ನಾಟಿವೈದ್ಯ ಇಟ್ಟಿ ಅಚ್ಯುತನ್. ಜತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಲ್ಯಾಟಿನಿನಲ್ಲಿದ್ದ ಈ ಗ್ರಂಥವನ್ನು ಪ್ರೊಫೆಸರ್ ಕೆ. ಎಸ್. ಮಣಿಲಾಲ್ ದಶಕಗಳ ಕಾಲ ಶ್ರಮಿಸಿ ಇಂಗ್ಲಿಷಿಗೆ ತಂದರು. ಕೇರಳ ವಿಶ್ವವಿದ್ಯಾಲಯ ಅದನ್ನು 2003ರಲ್ಲಿ ಪ್ರಕಟಿಸಿತು.

ನಮ್ಮ ಕೇಪಳ ಆ ಗ್ರಂಥದಲ್ಲಿದೆ, 'ಚೆತ್ತಿ' ಎಂಬ ಹೆಸರಿನಲ್ಲಿ. ಮುಂದೆ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಗಳಿಗೆ ಎರಡು ಪದದ ಹೆಸರು ಕೊಟ್ಟಾಗ ಇದಕ್ಕೆ 'ಇಕ್ಸೋರಾ' ಎಂದು ಕರೆದ. ಅದು 'ಈಶ್ವರ' ಎಂಬ ಪದವೇ ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡು ಬಂದದ್ದು. ದೇವಸ್ಥಾನದ ಹೂವು ಹೀಗೆ ದೇವರ ಹೆಸರನ್ನೇ ಹೊತ್ತು ಪ್ರಪಂಚ ಸುತ್ತಿತು. ಬಿಸಿಲಿನಲ್ಲಿ ಹೂ ಹೆಚ್ಚು ಬಿಡುವ ಕೇಪಳ ಅರೆನೆರಳನ್ನೂ ತಾಳಿಕೊಳ್ಳುತ್ತದೆ. ಪಟ್ಟಿಯ ಹಿಂದಿನ ಸಾಲಿಗೆ ಯೋಗ್ಯ.

ಅದರ ಮುಂದೆ ಅಬ್ಬಲಿಗೆ, ಅಂದರೆ ಕನಕಾಂಬರ. ಇದೂ ಹೊರಗಿನದ್ದಲ್ಲ, ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಒಣಗಿದ ಕಾಯಿಗೆ ನೀರು ತಗಲಿದರೆ ಸಾಕು, ಪಟ್ ಎಂದು ಸಿಡಿದು ಬೀಜ ಹಾರಿಸುತ್ತದೆ. ಬೀಜಪ್ರಸಾರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಬೇಕೇ?

ಅರಿಶಿನ ಮತ್ತು ಕೆಸು ಶಾಲೆಗೇ ಹೇಳಿ ಮಾಡಿಸಿದವು. ನಮ್ಮ ಶಾಲೆಗಳಿಗೆ ಏಪ್ರಿಲ್, ಮೇ ರಜೆ. ನೀರು ಹಾಕುವವರಿಲ್ಲ. ಇವೆರಡಾದರೆ ಬೇಸಿಗೆಯಲ್ಲಿ ಎಲೆ ಒಣಗಿಸಿಕೊಂಡು ಗೆಡ್ಡೆಯಾಗಿ ಮಣ್ಣಿನೊಳಗೆ ಮಲಗುತ್ತವೆ, ಮಳೆ ಬಿದ್ದಾಗ ಚಿಗುರುತ್ತವೆ. ಜೂನಿನಲ್ಲಿ ಮಕ್ಕಳು ಬರುವ ಹೊತ್ತಿಗೆ ಅವೂ ಬರುತ್ತವೆ. ತೆಂಗು, ಕಂಗಿನ ಅಡಿಯಲ್ಲಿ ಇಂಥವನ್ನು ಬೆಳೆಯುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿದ್ಯೆ. 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾಗಿ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಕೇಂದ್ರವೂ ಮರಗಳ ನಡುವೆ ಇಳಿಯುವ ಬೆಳಕಿನಲ್ಲಿ ಯಾವ ಬೆಳೆ ಆಗುತ್ತದೆಂದು ಪರೀಕ್ಷಿಸಿ ಮಿಶ್ರಬೆಳೆಯ ಕ್ರಮಗಳನ್ನು ರೂಪಿಸಿತು.

ಇನ್ನು ಕುಂಡಗಳಲ್ಲಿ ಮೆರೆಯುವ ಬಣ್ಣದೆಲೆಯ ಗಿಡಗಳು. ಹಾಯಿಹಡಗಿನ ಕಾಲದಲ್ಲಿ ನೆರಳಿನ ಗಿಡಗಳನ್ನು ಸಮುದ್ರ ದಾಟಿಸುವುದು ಕಷ್ಟವಿತ್ತು. ಉಪ್ಪುಗಾಳಿಗೆ, ಸಿಹಿನೀರಿನ ಕೊರತೆಗೆ ಹೆಚ್ಚಿನವು ದಾರಿಯಲ್ಲೇ ಸಾಯುತ್ತಿದ್ದವು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯೇಲ್ ವಾರ್ಡ್, ಮುಚ್ಚಿದ ಗಾಜಿನ ಸೀಸೆಯೊಳಗೆ ಜರೀಗಿಡವೊಂದು ತಾನಾಗಿ ಮೊಳೆತದ್ದನ್ನು ಕಂಡ. ಒಳಗಿನ ನೀರು ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಗಳು ಗಿಡ ತುಂಬಿಕೊಂಡು ಸಿಡ್ನಿಗೆ ಹೋದವು. ಗಿಡಗಳು ಬದುಕಿ ತಲುಪಿದವು. ಚೀನಾದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ತಂದದ್ದೂ ಇಂಥ ಪೆಟ್ಟಿಗೆಗಳಲ್ಲೇ. ದೂರದೇಶದ ಗಿಡಗಳು ಹಿತ್ತಿಲಿಗೆ ಬರುವ ದಾರಿ ಹೀಗೆ ಸಲೀಸಾಯಿತು.

ಇಲ್ಲಿ ನಾವು ಸ್ವಲ್ಪ ಎಚ್ಚರವಾಗಿರಬೇಕು. ದಕ್ಷಿಣ ಅಮೆರಿಕದ ಕ್ಯಾಲೇಡಿಯಂ ನಮ್ಮ ಕೆಸುವಿನ ಕುಟುಂಬದ್ದೇ, ಎಲೆಯ ಆಕಾರವೂ ಹಾಗೇ ಇದೆ. ಆಟಿಯಲ್ಲಿ ಪತ್ರೊಡೆ ತಿಂದು ಬೆಳೆದ ಮಗು ಅದನ್ನೂ ಕೆಸುವೆಂದೇ ತಿಳಿಯಬಹುದು. ಕೆಸುವಿನ ತುರಿಕೆಯನ್ನು ಅಮ್ಮಂದಿರು ಹುಳಿ ಹಾಕಿ ಬೇಯಿಸಿ ಕಳೆಯುತ್ತಾರೆ. ಕ್ಯಾಲೇಡಿಯಂ ಅಡುಗೆಯ ಎಲೆಯಲ್ಲ. ಡೀಫೆನ್‌ಬಾಕಿಯಾ ಇನ್ನೂ ಕೆಟ್ಟದ್ದು. ಅದರ ತುಂಡು ಜಗಿದರೆ ಸೂಜಿಯಂಥ ಹರಳುಗಳು ಚುಚ್ಚಿ ನಾಲಿಗೆ ಬಾತು ಮಾತೇ ಹೊರಡುವುದಿಲ್ಲ. ಇಂಗ್ಲಿಷರು ಅದಕ್ಕೆ 'ಮೂಗರ ಬೆತ್ತ' ಎಂಬರ್ಥದ ಹೆಸರಿಟ್ಟದ್ದು ಅದಕ್ಕೇ. ವೆಸ್ಟ್ ಇಂಡೀಸಿನ ತೋಟಗಳಲ್ಲಿ ಗುಲಾಮರಿಗೆ ಶಿಕ್ಷೆಯಾಗಿ ಇದನ್ನು ಜಗಿಸುತ್ತಿದ್ದರು. ಆ ಚರಿತ್ರೆ ತಿಳಿದ ಮೇಲೆ, ನೆರಳಿನಲ್ಲಿ ಎಷ್ಟು ಚೆಂದ ಬೆಳೆದರೂ, ಸಣ್ಣ ಮಕ್ಕಳಿರುವ ಶಾಲೆಯ ಅಂಚಿಗೆ ಅದು ಬೇಡವೆಂದು ನಾವು ಹೇಳುತ್ತೇವೆ.

ಹಾಗಾದರೆ ಆಯ್ಕೆ ಸುಲಭ. ಹಿಂದೆ ಕೇಪಳ, ನಡುವೆ ಅರಿಶಿನ ಮತ್ತು ಅಬ್ಬಲಿಗೆ, ನೀರು ನಿಲ್ಲುವ ಮೂಲೆಗೆ ಕೆಸು. ನಾಲ್ಕೂ ನೆರೆಮನೆಯಲ್ಲಿ ಕೇಳಿದರೆ ಸಿಗುವಂಥವು, ದುಡ್ಡು ಬೇಡ.

ಕೊನೆಗೊಂದು ಮಾತು. 'ಹಾರ್ಟಸ್ ಮಲಬಾರಿಕಸ್'ನ ಚಿತ್ರಗಳಲ್ಲಿ ಗಿಡದ ಹೆಸರುಗಳು ರೋಮನ್, ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲಿವೆ. ಕನ್ನಡ ಲಿಪಿ ಇಲ್ಲ. ಗ್ರಂಥ ಕೊಚ್ಚಿಯಲ್ಲಿ ಸಿದ್ಧವಾದದ್ದು, ಅದರಲ್ಲಿ ದೂರುವಂಥದ್ದೇನೂ ಇಲ್ಲ. ಆದರೆ ನಮ್ಮ ತರಗತಿಯಲ್ಲಿ ಒಂದೇ ಗಿಡಕ್ಕೆ ಕೆಸು, ತೇವು, ಚೇಂಬು ಎನ್ನುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಮನೆಯ ಹೆಸರು ಬರೆದಿಡದಿದ್ದರೆ ಮುಂದಿನವರಿಗೆ ಉಳಿಯುವುದು ನರ್ಸರಿಯ ಚೀಟಿಯಲ್ಲಿರುವ ಹೆಸರು ಮಾತ್ರ. ಆದ್ದರಿಂದ ಗಿಡ ನೆಟ್ಟ ದಿನವೇ ಒಂದು ಹಲಗೆ ನೆಡೋಣ. ಕನ್ನಡ, ತುಳು, ಮಲಯಾಳ ಮೂರೂ ಹೆಸರು ಅದರಲ್ಲಿರಲಿ. ಬರೆಯುವ ಕೆಲಸ ಮಕ್ಕಳದ್ದೇ ಆಗಲಿ. ತಪ್ಪಿದರೆ ತಿದ್ದಲು ಅವರ ಅಜ್ಜಿಯಂದಿರು ಇದ್ದಾರೆ.